ಪಹಣಿಯ 9ನೇ ಕಾಲಂ ಮತ್ತು ಮನೆಮಗಳ ಪಾಲು

ಒಂದು ಲೆಕ್ಕದಿಂದ ಶುರು ಮಾಡೋಣ. ತಲೆತಲಾಂತರದಿಂದ ಬಂದ 9 ಎಕರೆ ಒಟ್ಟು ಕುಟುಂಬದ ಜಮೀನು. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾರೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೆ ಎಷ್ಟು ಬರುತ್ತದೆ?

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೂಲ ರೂಪದಲ್ಲಿ ಹುಟ್ಟಿನಿಂದ ಹಕ್ಕಿದ್ದದ್ದು ಗಂಡಸರಿಗೆ ಮಾತ್ರ. ಅಪ್ಪ ಮತ್ತು ಇಬ್ಬರು ಗಂಡುಮಕ್ಕಳಿಗೆ ತಲಾ 3 ಎಕರೆ ಎಂದು ಮೊದಲು ಹಂಚಿ, ಅಪ್ಪನ ಪಾಲಿನ 3 ಎಕರೆಯನ್ನು ಮಾತ್ರ ಮೂವರು ಮಕ್ಕಳಿಗೆ ಸಮನಾಗಿ ಕೊಡಬೇಕಿತ್ತು. ಕೊನೆಗೆ ಗಂಡುಮಕ್ಕಳಿಗೆ ತಲಾ 4 ಎಕರೆ, ಮಗಳಿಗೆ 1 ಎಕರೆ. 2005ರ ತಿದ್ದುಪಡಿಯ ನಂತರ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಹಾಗಾಗಿ ಮೊದಲು ನಾಲ್ಕು ಪಾಲು, ತಲಾ 2 ಎಕರೆ 10 ಗುಂಟೆ (40 ಗುಂಟೆ ಸೇರಿದರೆ ಒಂದು ಎಕರೆ). ಅಪ್ಪನ 2 ಎಕರೆ 10 ಗುಂಟೆಯಲ್ಲಿ ಮೂವರಿಗೂ ತಲಾ 30 ಗುಂಟೆ. ಮೂವರೂ ಸಮ, ತಲಾ 3 ಎಕರೆ.

ಎಕರೆ 1 ಇದ್ದದ್ದು 3 ಆಗಲು ಸುಮಾರು ಅರ್ಧ ಶತಮಾನ ಹಿಡಿಯಿತು. ಆ 3 ಎಕರೆ ಕಾಯ್ದೆ ಪುಸ್ತಕದಿಂದ ಪಹಣಿಗೆ, ಅಂದರೆ ಜಮೀನಿನ ಹಕ್ಕು ದಾಖಲೆಗೆ, ಇಳಿಯಲು ಈಗಲೂ ಒಂದೊಂದು ಮನೆಯಲ್ಲಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತಿದೆ. ಕಾಯ್ದೆ ಗೆದ್ದಮೇಲೂ ಹಕ್ಕು ಎಲ್ಲಿ ಸೋರಿಹೋಗುತ್ತದೆ, ಅಲ್ಲಿ ಏನು ಮಾಡಬೇಕು ಎಂಬುದನ್ನೇ ಹೆಚ್ಚಾಗಿ ಬರೆಯುತ್ತೇನೆ. ಆದರೆ ಕಾಯ್ದೆ ಬಂದ ದಾರಿ ಗೊತ್ತಿಲ್ಲದಿದ್ದರೆ ಇವತ್ತಿನ ತೊಡಕುಗಳು ಅರ್ಥವಾಗುವುದಿಲ್ಲ. ಪ್ರತಿ ತೊಡಕಿನ ಹಿಂದೆಯೂ ಹಳೆಯ ಒಂದು ರಾಜಿ ಇದೆ.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಿತ್ತು. 1933ರಲ್ಲೇ ಇಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದು, ಪಾಲಾಗುವಾಗ ಮದುವೆಯಾಗದ ಮಗಳಿಗೆ ಸಹೋದರನ ಪಾಲಿನ ಕಾಲು ಭಾಗ ಕೊಡಬೇಕೆಂದಾಯಿತು. ಇಂದಿನ ಕಣ್ಣಿಗೆ ಅದು ಅಲ್ಪ. ಆದರೆ ಹೆಣ್ಣುಮಗಳಿಗೆ ಜೀವನಾಂಶವಲ್ಲದೆ ಪಾಲು ಎಂಬುದೂ ಉಂಟು ಎಂದು ಕಾಗದದ ಮೇಲೆ ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. 1937ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬಂದ ಕಾಯ್ದೆ ವಿಧವೆಗೆ ಬದುಕಿರುವವರೆಗಿನ ಹಕ್ಕನ್ನಷ್ಟೇ ಕೊಟ್ಟಿತು, ಮಗಳ ಮಾತು ಎತ್ತಲಿಲ್ಲ.

1927ರಲ್ಲಿ ಪುಣೆಯಲ್ಲಿ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನ ಬಿಡಿ ಕಾಯ್ದೆಗಳು ಸಾಲವು, ಇಡೀ ಹಿಂದೂ ಕಾನೂನನ್ನೇ ಸಂಹಿತೆಯಾಗಿ ಬರೆಯಬೇಕು ಎಂದು ಒತ್ತಾಯಿಸುತ್ತ ಬಂತು. ಆ ಒತ್ತಾಯದ ನಡುವೆಯೇ 1941ರಲ್ಲಿ ಸಮಿತಿಯೊಂದು ರಚನೆಯಾಯಿತು. ಅದರ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. ಅವರ ಕರಡಿನಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ ಇತ್ತು. ಕಾನೂನು ಮಂತ್ರಿಯಾಗಿದ್ದ ಅಂಬೇಡ್ಕರ್ ಅದನ್ನು ಸಮಪಾಲು ಮಾಡಿದರು. ಮಸೂದೆ ಮುಂದಕ್ಕೆ ಹೋಗದೆ ನಿಂತಾಗ 1951ರಲ್ಲಿ ರಾಜೀನಾಮೆ ಕೊಟ್ಟರು. 1956ರಲ್ಲಿ ಬಂದದ್ದು ಒಡೆದ ಸಂಹಿತೆಯ ಒಂದು ಚೂರು. ಮಗಳು ಅಪ್ಪನ ವಾರಸುದಾರಳಾದಳು, ಆದರೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಹುಟ್ಟುಹಕ್ಕು ಹಾಗೇ ಉಳಿಯಿತು. ಮೇಲಿನ ಲೆಕ್ಕದ 4-4-1 ಬಂದದ್ದು ಆ ರಾಜಿಯಿಂದ.

ಮಹಿಳೆಯರ ಸ್ಥಾನಮಾನದ ಬಗ್ಗೆ 1974ರಲ್ಲಿ ಸಿದ್ಧವಾದ ರಾಷ್ಟ್ರೀಯ ಸಮಿತಿಯ ವರದಿ ಹುಟ್ಟುಹಕ್ಕನ್ನೇ ತೆಗೆದುಬಿಡಿ ಎಂದಿತು. ಕೇರಳ 1975ರಲ್ಲಿ ಒಟ್ಟು ಕುಟುಂಬದ ಪದ್ಧತಿಯನ್ನೇ ರದ್ದು ಮಾಡಿತು. ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳು ಹಿಡಿದದ್ದು ಬೇರೆ ದಾರಿ: ಮಗಳನ್ನೂ ಹುಟ್ಟಿನಿಂದ ಪಾಲುದಾರಳನ್ನಾಗಿ ಮಾಡಿದವು. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದರಲ್ಲಿ ಒಂದು ಷರತ್ತಿತ್ತು: ಆ ದಿನಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಅನ್ವಯಿಸದು. ಜೂನ್‌ನಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, ಆಗಸ್ಟ್‌ನಲ್ಲಿ ಮದುವೆಯಾದ ತಂಗಿಗೆ ಉಂಟು. ಈ ಷರತ್ತು ಹೋಗಿ ಎಷ್ಟೋ ವರ್ಷವಾದರೂ 'ತೊಂಬತ್ನಾಲ್ಕಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲವಂತೆ' ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿದೆ. ಅದು ಈಗ ಸುಳ್ಳು. 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿರುವ ಕೇಂದ್ರದ ತಿದ್ದುಪಡಿ ಮದುವೆಯಾದವಳು, ಆಗದವಳು ಎಂಬ ಭೇದ ಮಾಡುವುದಿಲ್ಲ.

ಆ ಕೇಂದ್ರ ತಿದ್ದುಪಡಿಯ ಮಸೂದೆ 2004ರ ಡಿಸೆಂಬರ್ 20ರಂದು ರಾಜ್ಯಸಭೆಗೆ ಬಂದಾಗ ಕೃಷಿಭೂಮಿಯ ತೊಡಕು ಹಾಗೇ ಉಳಿದಿತ್ತು. ಮೂಲ ಕಾಯ್ದೆಯ ಸೆಕ್ಷನ್ 4(2) ಗೇಣಿ ಹಕ್ಕಿನಂಥ ವಿಷಯಗಳನ್ನು ರಾಜ್ಯಗಳ ಭೂ ಕಾನೂನಿಗೆ ಬಿಟ್ಟಿತ್ತು. ಹಳ್ಳಿಯ ಹೆಣ್ಣಿಗೆ ಆಸ್ತಿ ಎಂದರೆ ಹೊಲವೇ, ಅದನ್ನು ಹೊರಗಿಟ್ಟು ಸಮಾನತೆ ಎಂದರೆ ಯಾವ ಸಮಾನತೆ ಎಂದು ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಮತ್ತು ಅವರ ಜೊತೆಗೂಡಿದ ಸಂಘಟನೆಗಳು ಪಟ್ಟು ಹಿಡಿದವು. 4(2) ಹೋಯಿತು. ಜೊತೆಗೆ ಸೆಕ್ಷನ್ 23 ಕೂಡ ಹೋಯಿತು. ಅಣ್ಣತಮ್ಮಂದಿರು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಮಗಳು ಪಾಲು ಕೇಳುವಂತಿಲ್ಲ ಎನ್ನುತ್ತಿದ್ದ ಸೆಕ್ಷನ್ ಅದು. ಇವೆರಡನ್ನೂ ಅಳಿಸಿದ್ದು, ನನ್ನ ಮಟ್ಟಿಗೆ, ಹುಟ್ಟುಹಕ್ಕು ಕೊಟ್ಟಷ್ಟೇ ದೊಡ್ಡ ಗೆಲುವು.

ಆಮೇಲಿನ ಜಗಳವೆಲ್ಲ 'ಯಾವಾಗಿನಿಂದ' ಎಂಬುದರ ಮೇಲೆ. ದಾರಿ ತೋರಿಸಿದ ಮೊಕದ್ದಮೆಗಳಲ್ಲಿ ಎರಡು ಕರ್ನಾಟಕದವೇ. ಬೆಳಗಾವಿಯಲ್ಲಿ 1992ರಲ್ಲಿ ಶುರುವಾದ ಫೂಲವತಿ ಪ್ರಕರಣದಲ್ಲಿ ತಂದೆ 1988ರಲ್ಲೇ ತೀರಿಕೊಂಡಿದ್ದರು. 2005ರ ಸೆಪ್ಟೆಂಬರ್ 9ರಂದು ತಂದೆ, ಮಗಳು ಇಬ್ಬರೂ ಬದುಕಿದ್ದರೆ ಮಾತ್ರ ಈ ಹಕ್ಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ, ತಂದೆ 2001ರಲ್ಲಿ ತೀರಿಕೊಂಡಿದ್ದರೂ, ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಒಂದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠದ ತೀರ್ಪುಗಳು. ಕೆಳಗಿನ ಕೋರ್ಟುಗಳು ಯಾವುದನ್ನು ಹಿಡಿಯಬೇಕು? 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಿಡಿಸಿತು: ಹಕ್ಕು ಹುಟ್ಟಿನಿಂದ ಬಂದದ್ದು, ಆದ್ದರಿಂದ 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ. ಈ ನಡುವಿನ ಐದು ವರ್ಷ ತಂದೆಯ ಮರಣದ ದಿನಾಂಕ ನೋಡಿಯೇ ಹೆಣ್ಣುಮಕ್ಕಳ ದಾವೆಗಳು ಬಿದ್ದುಹೋಗುತ್ತಿದ್ದವು.

ಈ ಲೆಕ್ಕ ಯಾರಿಗೆ ಹೊಂದುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾಯ್ದೆಯ ಸೆಕ್ಷನ್ 2ರಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ಬರೆದಿದೆ. ಜೈನ, ಬೌದ್ಧ, ಸಿಖ್ಖರೂ ಒಳಗೆ. ಪರಿಶಿಷ್ಟ ಪಂಗಡಗಳಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ಅನ್ವಯಿಸದು ಎಂದು ಅದೇ ಸೆಕ್ಷನ್ ಹೇಳುತ್ತದೆ. ಅದು ಇನ್ನೂ ಉಳಿದಿರುವ ದೊಡ್ಡ ಅನ್ಯಾಯ, ಆ ಸಮುದಾಯದ ಹೆಣ್ಣುಮಕ್ಕಳು ವಕೀಲರ ಹತ್ತಿರ ಮೊದಲು ಇದನ್ನೇ ಕೇಳಬೇಕು. ತಾಯಿಯ ಕಡೆಯಿಂದ ವಾರಸು ಸಾಗುವ ಕರಾವಳಿಯ ಅಳಿಯಸಂತಾನ ಕುಟುಂಬಗಳಿಗೆ ಸೆಕ್ಷನ್ 7ರ ಬೇರೆ ಲೆಕ್ಕವಿದೆ. ಮುಸ್ಲಿಮರಿಗೂ ಕ್ರೈಸ್ತರಿಗೂ ಬೇರೆ ಕಾನೂನುಗಳಿವೆ.

ಈಗ ಕಾಗದಪತ್ರದ ಕಡೆಗೆ. ಎಲ್ಲಕ್ಕೂ ಮೊದಲು ಆಸ್ತಿ ಯಾವ ಬಗೆಯದು ಎಂದು ತಿಳಿಯಬೇಕು. 'ಅಜ್ಜನ ಆಸ್ತಿ' ಎಂದ ಮಾತ್ರಕ್ಕೆ ಅದು ಪಿತ್ರಾರ್ಜಿತ ಆಗುವುದಿಲ್ಲ. ಅಜ್ಜ ಸ್ವಂತ ದುಡಿಮೆಯಿಂದ ಕೊಂಡದ್ದಾಗಿದ್ದು, ಅವರು 1956ರ ನಂತರ ತೀರಿಕೊಂಡಿದ್ದರೆ, ಅಪ್ಪನಿಗೆ ಬಂದ ಪಾಲು ಸೆಕ್ಷನ್ 8ರ ಪ್ರಕಾರ ಅಪ್ಪನ ಸ್ವಂತದ್ದು. ಅಪ್ಪ ಬದುಕಿರುವಾಗ ಅದರಲ್ಲಿ ಮಗಳೂ ಕೇಳುವಂತಿಲ್ಲ, ಮಗನೂ ಕೇಳುವಂತಿಲ್ಲ. ಅಪ್ಪ ಅದನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಬರೆಯದೆ ಹೋದರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತವಾದರೆ ಅಪ್ಪನ ಉಯಿಲು ಅವರ ಒಂದು ಪಾಲಿಗೆ ಮಾತ್ರ ಸಲ್ಲುತ್ತದೆ. ಇಡೀ 9 ಎಕರೆಯನ್ನು ಗಂಡುಮಕ್ಕಳಿಗೆ ಬರೆದಿಟ್ಟಿದ್ದರೂ ಮಗಳ 2 ಎಕರೆ 10 ಗುಂಟೆಯನ್ನು ಆ ಉಯಿಲು ಮುಟ್ಟಲಾರದು. ಭೂಸುಧಾರಣೆಯಲ್ಲಿ ಫಾರಂ 7 (ಗೇಣಿದಾರರು ಒಡೆತನ ಕೇಳುವ ಅರ್ಜಿ) ಹಾಕಿ ಬಂದ ಜಮೀನು ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸಿನ ಒಬ್ಬರದೇ ಹೆಸರಿನಲ್ಲಿರುತ್ತದೆ. ಗೇಣಿ ಮಾಡುತ್ತಿದ್ದದ್ದು ಇಡೀ ಕುಟುಂಬ ಎಂದು ತೋರಿಸಿದರೆ ಅದನ್ನೂ ಕುಟುಂಬದ ಆಸ್ತಿ ಎಂದು ಕೋರ್ಟುಗಳು ಪರಿಗಣಿಸುತ್ತವೆ.

ಇದನ್ನೆಲ್ಲ ತೋರಿಸುವುದು ಹಳೆಯ ಪಹಣಿ. ಭೂಮಿ ತಂತ್ರಾಂಶದ ಗಣಕೀಕೃತ ಪಹಣಿ ಸಿಗುವುದು ಸುಮಾರು 2000ದಿಂದ ಈಚಿನದು. ಅದಕ್ಕೆ ಹಿಂದಿನ ಕೈಬರಹದ ಪಹಣಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತದೆ. ಎಷ್ಟು ಹಿಂದಿನದು ಸಿಗುತ್ತದೋ ಅಷ್ಟನ್ನೂ ನಕಲು ಪಡೆಯಿರಿ. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಬಂದ ರೀತಿ ಮತ್ತು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ವಹಿ) ಸಂಖ್ಯೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು ಇರುತ್ತವೆ. 10ನೇ ಕಾಲಂನ ಎಂ.ಆರ್. ಸಂಖ್ಯೆ ಹಿಡಿದು ಆ ಮ್ಯುಟೇಶನ್ ಪ್ರತಿ ತೆಗೆಸಿದರೆ ಯಾರು, ಯಾವ ವರ್ಷ, ಏನು ಹೇಳಿ ಖಾತೆ ಬದಲಿಸಿಕೊಂಡರು ಎಂಬುದು ಬೆಳಕಿಗೆ ಬರುತ್ತದೆ. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನೂ, ಅಂದರೆ ಇ.ಸಿ.ಯನ್ನೂ, ಸಾಧ್ಯವಾದಷ್ಟು ಹಿಂದಿನಿಂದ ತೆಗೆಸಬೇಕು. ಮಾರಾಟ, ಅಡಮಾನ, ನೋಂದಾಯಿತ ಪಾಲುಪತ್ರ ಎಲ್ಲವೂ ಅದರಲ್ಲಿ ಕಾಣುತ್ತವೆ. ಇವು ಸಾರ್ವಜನಿಕ ದಾಖಲೆಗಳು, ಯಾವ ಅಣ್ಣನ ಒಪ್ಪಿಗೆಯೂ ಬೇಕಿಲ್ಲ. ಸರ್ವೆ ನಂಬರ್ ಒಂದು ಗೊತ್ತಿದ್ದರೆ ಸಾಕು. ಅಪ್ಪನ ಮನೆಯ ಸರ್ವೆ ನಂಬರ್‌ಗಳನ್ನು ಬರೆದಿಟ್ಟುಕೊಂಡಿರುವ ಹೆಣ್ಣುಮಕ್ಕಳು ಎಷ್ಟು ಕಡಿಮೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು.

ಹಕ್ಕು ಹೆಚ್ಚಾಗಿ ಕಳೆದುಹೋಗುವ ಜಾಗ ಪೌತಿ ಖಾತೆ. ಅಪ್ಪ ತೀರಿಕೊಂಡ ಮೇಲೆ ಗಂಡುಮಕ್ಕಳು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕುತ್ತಾರೆ. ವಂಶವೃಕ್ಷ ಸಿಗುವುದು ನಾಡಕಚೇರಿಯಲ್ಲಿ, ಅರ್ಜಿದಾರರ ಪ್ರಮಾಣಪತ್ರ ಮತ್ತು ಸ್ಥಳೀಯ ಮಹಜರಿನ ಆಧಾರದ ಮೇಲೆ. ಮದುವೆಯಾಗಿ ಹೋದವರ ಹೆಸರು ಅಲ್ಲೇ ಬಿಟ್ಟುಹೋಗುತ್ತದೆ. ಕೆಲವೊಮ್ಮೆ ಬೇಕೆಂದೇ ಬಿಡುತ್ತಾರೆ, ಹಲವು ಸಲ 'ಅವರು ಬೇರೆ ಮನೆಯವರಾದರಲ್ಲ' ಎಂಬ ರೂಢಿಯಿಂದ. ಹೇಗೆ ಬಿಟ್ಟರೂ ಪರಿಣಾಮ ಒಂದೇ. ಆದ್ದರಿಂದ ಅಪ್ಪ ತೀರಿಕೊಂಡ ಮೂರು ತಿಂಗಳೊಳಗೆ ಹೆಣ್ಣುಮಕ್ಕಳೇ ಗ್ರಾಮ ಆಡಳಿತ ಅಧಿಕಾರಿಗೆ (ಹಿಂದೆ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದರು) ಬರವಣಿಗೆಯಲ್ಲಿ ತಿಳಿಸಿ, ಎಲ್ಲ ಮಕ್ಕಳ ಹೆಸರೂ ಇರುವ ವಂಶವೃಕ್ಷಕ್ಕೆ ತಾವೇ ಅರ್ಜಿ ಹಾಕುವುದು ಒಳ್ಳೆಯದು. ಕರ್ನಾಟಕ ಭೂಕಂದಾಯ ಕಾಯ್ದೆಯ ಸೆಕ್ಷನ್ 128 ಕೊಡುವ ಅವಧಿ ಆ ಮೂರು ತಿಂಗಳು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ.

ಯಾರೋ ಮೊದಲೇ ಅರ್ಜಿ ಹಾಕಿದ್ದರೆ ಸೆಕ್ಷನ್ 129ರಡಿ ನೋಟಿಸ್ ಹೊರಡಬೇಕು, ಚಾವಡಿಯಲ್ಲಿ ಅಂಟಿಸಬೇಕು. ಬೇರೆ ಊರಿನಲ್ಲಿರುವ ಮಗಳಿಗೆ ಅದು ಕಾಣುವುದಿಲ್ಲ. ತಕರಾರಿಗೆ ಕೊಡುವ ಸಮಯವೂ ಚಿಕ್ಕದು, ಒಂದು ತಿಂಗಳಿಗಿಂತ ಹೆಚ್ಚು ಇದೆ ಎಂದು ಎಣಿಸಲೇಬೇಡಿ. ತಕರಾರು ಬಂದರೆ ಅದು ತಕರಾರು ವಹಿಗೆ ಹೋಗಿ ವಿಚಾರಣೆಯಾಗುತ್ತದೆ. ಖಾತೆ ಆಗಿಬಿಟ್ಟಿದ್ದರೆ ಆದೇಶ ತಿಳಿದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಸೆಕ್ಷನ್ 136(2)ರ ಮೇಲ್ಮನವಿ. ಅದೂ ತಪ್ಪಿತೆಂದರೆ ಎದೆಗುಂದಬೇಕಿಲ್ಲ, ಯಾಕೆಂದರೆ ಮ್ಯುಟೇಶನ್ ಒಡೆತನವನ್ನು ಹುಟ್ಟಿಸುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಒಡೆತನ ತೀರ್ಮಾನಿಸುವುದು ಸಿವಿಲ್ ಕೋರ್ಟು. ಆದರೆ ಪಹಣಿಯಲ್ಲಿ ಒಬ್ಬರದೇ ಹೆಸರು ಬಂದಮೇಲೆ ಅದನ್ನು ತೋರಿಸಿ ಸಾಲ ತೆಗೆಯುತ್ತಾರೆ, ಮಾರುತ್ತಾರೆ. ಆಮೇಲೆ ಕೊಂಡವರನ್ನೂ ಬ್ಯಾಂಕನ್ನೂ ಕೋರ್ಟಿಗೆ ಎಳೆಯಬೇಕಾಗುತ್ತದೆ. ಕಷ್ಟ ಬೆಳೆಯುವುದು ಹಾಗೆ.

ಎರಡನೆಯ ಜಾಗ ಉಪನೋಂದಣಿ ಕಚೇರಿ. 2005ರ ನಂತರ, ಅದರಲ್ಲೂ 2020ರ ನಂತರ, ಜಮೀನು ಕೊಳ್ಳುವವರೂ ಸಾಲ ಕೊಡುವ ಬ್ಯಾಂಕುಗಳೂ 'ಅಕ್ಕತಂಗಿಯರ ಸಹಿ ಎಲ್ಲಿ' ಎಂದು ಕೇಳುತ್ತಿದ್ದಾರೆ. ಕಾಯ್ದೆಯಿಂದ ಆದ ದೊಡ್ಡ ಬದಲಾವಣೆ ಇದು. ಹಿಂದೆ ಕೇಳದೇ ಬಿಟ್ಟವರನ್ನು ಈಗ ಕರೆಯಲೇಬೇಕು. ಆದರೆ ಕರೆಯುವುದು ಪಾಲು ಕೊಡಲಿಕ್ಕಲ್ಲ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲಿಕ್ಕೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ, ಹಳೆ ಮೈಸೂರಿನ ಕಡೆ ಗೌರಿಹಬ್ಬಕ್ಕೆ ತವರಿಗೆ ಬಂದವಳನ್ನು ಹಬ್ಬದ ಮರುದಿನ ಕಚೇರಿಗೆ ಕರೆದುಕೊಂಡು ಹೋಗಿ, 'ಒಂದು ಸಹಿ ಅಷ್ಟೇ, ಅರಿಶಿನ ಕುಂಕುಮಕ್ಕೆ ಇಷ್ಟು ಇಟ್ಟುಕೋ' ಎನ್ನುತ್ತಾರೆ. ಬೇಡ ಎಂದರೆ ಮುಂದಿನ ಹಬ್ಬಕ್ಕೆ ಕರೆಯುವವರು ಯಾರು ಎಂಬ ಭಯ ಅವಳಿಗೆ. ಆ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣಬಾರದು. ಗಂಡನ ಮನೆಯಲ್ಲಿ ಕಷ್ಟವಾದಾಗ ಬಹಳ ಹೆಣ್ಣುಮಕ್ಕಳಿಗೆ ಇರುವ ಒಂದೇ ಬಾಗಿಲು ತವರು.

ಸಹಿ ಹಾಕುವುದೇ ಆದರೂ ತಿಳಿದು ಹಾಕಲಿ. ಪತ್ರದ ಕರಡನ್ನು ಎರಡು ದಿನ ಮೊದಲೇ ಕೇಳಿ ಪಡೆದು, ಮನೆಯವರಲ್ಲದ ಒಬ್ಬರಿಂದ ಓದಿಸಬೇಕು. ಷೆಡ್ಯೂಲಿನಲ್ಲಿ ಯಾವ ಯಾವ ಸರ್ವೆ ನಂಬರ್ ಇವೆ ಎಂದು ಎಣಿಸಬೇಕು. ಒಂದು ಸೈಟಿನ ಮಾರಾಟಕ್ಕೆಂದು ಹೇಳಿ ಎಲ್ಲ ಜಮೀನನ್ನೂ ಸೇರಿಸುವುದುಂಟು. ಕೊಡುವ ಹಣ ಎಷ್ಟೇ ಇರಲಿ, ಪತ್ರದಲ್ಲಿ ನಮೂದಾಗಿ ಬ್ಯಾಂಕ್ ಖಾತೆಗೆ ಬರಬೇಕು. ಮಾರಾಟಪತ್ರಕ್ಕೆ ಒಪ್ಪಿಗೆ ಸಾಕ್ಷಿಯಾಗಿ ಹಾಕಿದ ಸಹಿಯೂ ಮುಂದೆ ಅವಳ ವಿರುದ್ಧವೇ ಬರುತ್ತದೆ. ಅಪ್ಪ ಬದುಕಿರುವಾಗಲೇ ಅಪ್ಪನ ಸ್ವಯಾರ್ಜಿತದಲ್ಲಿ ಮುಂದೆ ಬರಬಹುದಾದ ಪಾಲನ್ನು ಬಿಟ್ಟೆ ಎಂದು ಬರೆಸಿಕೊಂಡರೆ ಅದಕ್ಕೆ ಸಾಮಾನ್ಯವಾಗಿ ಬೆಲೆ ಇಲ್ಲ, ಆಗ ಇನ್ನೂ ಹಕ್ಕೇ ಹುಟ್ಟಿರುವುದಿಲ್ಲ. ಆದರೆ ಅದಕ್ಕೆಂದು ಹಣ ಪಡೆದಿದ್ದರೆ ವಾದ ಬಿಗಿಯಾಗುತ್ತದೆ. ಮೋಸದಿಂದ ಬರೆಸಿಕೊಂಡ ಪತ್ರ ರದ್ದು ಮಾಡಿಸಲು ಮೋಸ ಗೊತ್ತಾದ ದಿನದಿಂದ ಮೂರು ವರ್ಷ. 'ಮೋಸವಾಯಿತು' ಎಂದು ಒಂದು ಸಾಲು ಬರೆದರೆ ದಾವೆ ನಿಲ್ಲುವುದಿಲ್ಲ. ಯಾರು, ಯಾವ ದಿನ, ಏನು ಹೇಳಿ ಸಹಿ ಹಾಕಿಸಿದರು ಎಂದು ವಿವರವಾಗಿ ಬರೆಯಬೇಕು.

ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ, ಅದೇ ಅವಳ ಪಾಲು ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ವರದಕ್ಷಿಣೆ 1961ರಿಂದ ಅಪರಾಧ. ಅಪರಾಧವನ್ನು ಪಾಲಿನ ಲೆಕ್ಕದಲ್ಲಿ ವಜಾ ಹಾಕಲು ಬರುವುದಿಲ್ಲ. ಬೆಂಗಳೂರಿನಲ್ಲಿ 1979ರಲ್ಲಿ ಶುರುವಾದ ವಿಮೋಚನಾದಂಥ ಸಂಘಟನೆಗಳು ವರದಕ್ಷಿಣೆ ಸಾವುಗಳ ವಿರುದ್ಧ ಬೀದಿಗಿಳಿದಾಗ ಎತ್ತಿದ ಪ್ರಶ್ನೆಯ ಇನ್ನೊಂದು ಮುಖ ಇದೇ: ಮಗಳಿಗೆ ಕೊಟ್ಟದ್ದು ಅವಳ ಕೈಗೆ ಹೋಯಿತೇ, ಅಥವಾ ಅತ್ತೆ ಮನೆಯ ಕೈಗೆ ಹೋಯಿತೇ? ಬಂಗಾರ ಅಡಮಾನಕ್ಕೆ ಹೋಗುತ್ತದೆ, ನಗದು ಗಂಡನ ವ್ಯಾಪಾರಕ್ಕೆ ಹೋಗುತ್ತದೆ. ಅವಳ ಸಹಿ ಇಲ್ಲದೆ ಬೇರೆಯವರಿಗೆ ಹೋಗದ ಆಸ್ತಿ ಎಂದರೆ ಅವಳ ಹೆಸರಿನ ಜಮೀನೊಂದೇ.

ಮೂರನೆಯ ತೊಡಕು ಹಳೆಯ ಪಾಲುಪಟ್ಟಿ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಮಾರಾಟ, ಪಾಲು, ಉಯಿಲುಗಳನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಆದರೆ ಆ ಪಾಲು ನೋಂದಾಯಿತ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ಆಗಿರಬೇಕು. ಆದ್ದರಿಂದ ಅಕ್ಕ ಪಾಲು ಕೇಳಿದ ಕೂಡಲೇ 'ನಾವು 1998ರಲ್ಲೇ ಬಾಯಿಮಾತಿನಲ್ಲಿ ಪಾಲಾಗಿದ್ದೇವೆ' ಎಂಬ ಉತ್ತರ ಬರುತ್ತದೆ, ಹಳೆಯ ಛಾಪಾ ಕಾಗದದ ಮೇಲೆ ಬರೆದ ಪಟ್ಟಿಯೊಂದು ಹೊರಬರುತ್ತದೆ. ಅದೊಂದರಿಂದಲೇ ಅವಳ ಹಕ್ಕು ಹೋಗುವುದಿಲ್ಲ. ಆದರೆ ಪ್ರಾಮಾಣಿಕವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಬೆಳಗಾವಿ, ಧಾರವಾಡದ ಕಡೆ ವರ್ದಿ (ಕಂದಾಯ ಕಚೇರಿಗೆ ಹೇಳಿಕೆ) ಕೊಟ್ಟು ವಾಟ್ನಿ (ಪಾಲು) ಮಾಡಿಕೊಂಡು, ಆಗಲೇ ಬೇರೆ ಬೇರೆ ಪಹಣಿಗಳಾಗಿ, ಕಂದಾಯ ಬೇರೆ, ಸಾಲ ಬೇರೆ ಎಂದು ದಶಕಗಳ ದಾಖಲೆ ಇದ್ದರೆ, ಅಂಥ ಮೌಖಿಕ ಪಾಲನ್ನು ಅಪರೂಪಕ್ಕೆ ಒಪ್ಪಬಹುದು ಎಂದು 2020ರ ತೀರ್ಪೇ ಹೇಳಿದೆ. ದಾವೆ ಹಾಕುವ ಮುನ್ನ ಆ ಎಂ.ಆರ್. ಪ್ರತಿಗಳನ್ನು ವಕೀಲರ ಮುಂದೆ ಇಡಬೇಕು. ಮುಚ್ಚಿಟ್ಟರೆ ಎದುರಿನವರು ತಂದೇ ತರುತ್ತಾರೆ.

ಮಾತುಕತೆ ಮುರಿದರೆ ಪಾಲಿನ ದಾವೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12 ಹೇಳುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100. ಕೋರ್ಟ್ ಫೀ ಬಗ್ಗೆ ಬಹಳ ಹೆದರಿಕೆ ಇದೆ, ಆದರೆ ಲೆಕ್ಕ ಸರಳ. ತಾನೂ ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ದಾವೆಯಲ್ಲಿ ಹೇಳಿದರೆ ರಾಜ್ಯದ ಕೋರ್ಟ್ ಫೀ ಕಾಯ್ದೆಯ ಸೆಕ್ಷನ್ 35(2)ರಂತೆ ಹೆಚ್ಚೆಂದರೆ 200 ರೂಪಾಯಿ. ತನ್ನನ್ನು ಸ್ವಾಧೀನದಿಂದ ಹೊರಹಾಕಿದ್ದಾರೆ ಎಂದು ಬರೆದರೆ 35(1) ಬಂದು, ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಫೀ ಕಟ್ಟಬೇಕು. ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಹೊರಹಾಕಿದಂತಲ್ಲ. ಒಬ್ಬ ಪಾಲುದಾರನ ಸ್ವಾಧೀನ ಎಲ್ಲ ಪಾಲುದಾರರ ಪರವಾಗಿಯೇ ಎಂಬುದು ಹಳೆಯ ತತ್ವ. ಕೋಪದಲ್ಲಿ 'ಮನೆಯಿಂದ ಓಡಿಸಿದರು, ಹೊಲಕ್ಕೆ ಕಾಲಿಡಲು ಬಿಡಲಿಲ್ಲ' ಎಂದು ನೋಟಿಸಿನಲ್ಲಿ ಬರೆಸಿಬಿಟ್ಟರೆ ಫೀ ಅಷ್ಟೇ ಅಲ್ಲ, ಗಡುವೂ ಶುರುವಾಗುತ್ತದೆ: ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷ.

ದಾವೆಯಲ್ಲಿ ಎಲ್ಲ ಪಾಲುದಾರರೂ ಇರಬೇಕು, ಎಲ್ಲ ಆಸ್ತಿಯೂ ಇರಬೇಕು. ತೀರಿಕೊಂಡ ಅಕ್ಕನ ಮಕ್ಕಳನ್ನು ಬಿಟ್ಟರೂ, ಊರಿನ ಮನೆ ಜಾಗವನ್ನು ಬಿಟ್ಟರೂ ದಾವೆ ಅಲ್ಲೇ ಕುಸಿಯಬಹುದು. ಮೊದಲ ದಿನವೇ ಮಾರಾಟಕ್ಕೆ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ದಾವೆ ನಡೆಯುವಾಗ ಕೊಂಡವರು ಡಿಕ್ರಿಗೆ ಬದ್ಧರೇ, ಆದರೂ ಅವರನ್ನು ಏಳಿಸುವುದು ಇನ್ನೊಂದು ಯುದ್ಧ. ಹೆದ್ದಾರಿಗೋ ಕೈಗಾರಿಕೆಗೋ ಜಮೀನು ಸ್ವಾಧೀನವಾಗುತ್ತಿದ್ದರೆ ಭೂಸ್ವಾಧೀನಾಧಿಕಾರಿಗೆ ತಕರಾರು ಅರ್ಜಿ ಬೇರೆಯಾಗಿ ಕೊಡಬೇಕು. ಪರಿಹಾರದ ಹಣ ಒಮ್ಮೆ ಪಹಣಿಯಲ್ಲಿರುವವರ ಖಾತೆಗೆ ಹೋದರೆ ವಾಪಸು ತರುವುದು ಬಹಳ ಕಷ್ಟ.

ಕೋರ್ಟು ಮೊದಲು ಕೊಡುವುದು ಪ್ರಾಥಮಿಕ ಡಿಕ್ರಿ: ಯಾರಿಗೆ ಎಷ್ಟನೇ ಒಂದು ಭಾಗ ಎಂದು ಮಾತ್ರ. ಬಹಳ ಮಂದಿ ಅಲ್ಲಿಗೇ ಗೆದ್ದೆವು ಎಂದು ಮನೆಗೆ ಹೋಗಿ ಕೂರುತ್ತಾರೆ. ಹೊಲ ಕೈಗೆ ಬರುವುದು ಅಂತಿಮ ಡಿಕ್ರಿಯಲ್ಲಿ. ಅದಕ್ಕೆ ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಆದರೂ ಬೆನ್ನುಹತ್ತದೆ ಆಗುವುದಿಲ್ಲ. ಕಂದಾಯದ ಜಮೀನನ್ನು ಅಳೆದು ಒಡೆಯುವ ಕೆಲಸ ಜಿಲ್ಲಾಧಿಕಾರಿಯ ಕಡೆಗೆ ಹೋಗುತ್ತದೆ, ಮನೆಗೆ ಕೋರ್ಟ್ ಕಮಿಷನರ್ ಬರುತ್ತಾರೆ. ಇಲ್ಲಿ ಮಗಳು ಹೊಲದಲ್ಲಿ ನಿಂತಿರಲೇಬೇಕು. 3 ಎಕರೆ ಎಂದು ಕಲ್ಲು ಬಂಡೆಯ ಮೂಲೆ ಕೊಟ್ಟು, ಬಾವಿ, ಬೋರ್‌ವೆಲ್, ತೆಂಗಿನ ಮರ, ಬಂಡಿದಾರಿ ಎಲ್ಲ ಆ ಕಡೆಯ ಪಾಲಿಗೆ ಬಿದ್ದರೆ ಅದು ಸಮಪಾಲಲ್ಲ. ನೀರಿನಲ್ಲಿ ಹಕ್ಕು, ದಾರಿಯಲ್ಲಿ ಹಕ್ಕು ಎಂದು ವರದಿಯಲ್ಲೇ ಬರೆಸಬೇಕು. ಒಪ್ಪದಿದ್ದರೆ ಕಮಿಷನರ್ ವರದಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಒಡೆಯಲಾಗದ ಮನೆಯಾದರೆ ಒಬ್ಬರು ಇಟ್ಟುಕೊಂಡು ಉಳಿದವರಿಗೆ ಬೆಲೆ ಕೊಡಬಹುದು.

ಕೋರ್ಟಿಗೆ ಹೋಗದೆಯೇ ಒಪ್ಪಿ ಪಾಲಾಗುವ ಮನೆಗಳೂ ಇವೆ, ಅವು ಹೆಚ್ಚಲಿ. ಅಂಥಲ್ಲಿ 11ಇ ನಕ್ಷೆ (ಜಮೀನಿನ ಭಾಗಗಳನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ) ಮಾಡಿಸಿ, ಪಾಲುಪತ್ರ ನೋಂದಾಯಿಸಬೇಕು. ಬಾಯಿಮಾತಿನ ಪ್ರೀತಿ ಮುಂದಿನ ತಲೆಮಾರಿಗೆ ದಾಟುವುದಿಲ್ಲ. ಮಹಿಳಾ ಸಮಖ್ಯಾ 1989ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಕಟ್ಟಲು ಶುರುಮಾಡಿದ ಸಂಘಗಳು, ಆಮೇಲೆ ಬಂದ ಸ್ತ್ರೀಶಕ್ತಿ ಗುಂಪುಗಳು ಹೆಣ್ಣುಮಕ್ಕಳನ್ನು ಬ್ಯಾಂಕಿನ ಮೆಟ್ಟಿಲು ಹತ್ತಿಸಿದವು. ಅದೇ ಗುಂಪುಗಳು ತಿಂಗಳ ಸಭೆಯಲ್ಲಿ ಒಬ್ಬೊಬ್ಬ ಸದಸ್ಯೆಯ ತವರಿನ ಪಹಣಿ ತೆಗೆಸಿ ಓದಿದರೆ, ಸಹಿಗೆ ಕರೆದಾಗ ಜೊತೆಗೆ ಒಬ್ಬರು ಹೋದರೆ, ಹತ್ತು ಹೊಸ ಸೆಕ್ಷನ್‌ಗಳು ಮಾಡಲಾಗದ್ದು ಆಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಒಬ್ಬಳೇ ಹೋದವಳಿಗೆ ಕಚೇರಿಯಲ್ಲಿ 'ನಾಳೆ ಬಾರಮ್ಮ' ಎನ್ನುವುದು ಸುಲಭ, ಐವರು ಹೋದರೆ ಅಷ್ಟು ಸುಲಭವಲ್ಲ.

ಅಂತಿಮ ಡಿಕ್ರಿಯೋ ನೋಂದಾಯಿತ ಪಾಲುಪತ್ರವೋ ಕೈಗೆ ಬಂದ ಕೂಡಲೇ ಖಾತೆ ಬದಲಾವಣೆ, ಆಮೇಲೆ ಪೋಡಿ, ಅಂದರೆ ಅಳೆದು ಸರ್ವೆ ನಂಬರ್ ಒಡೆಯುವುದು. ಪೋಡಿಯಾಗಿ ಹಿಸ್ಸಾ ನಂಬರ್ ಬೇರೆಯಾಗದಿದ್ದರೆ ಪಹಣಿ ಜಂಟಿಯಾಗಿಯೇ ಉಳಿದು, ಸಾಲಕ್ಕೆ ಮತ್ತೆ ಎಲ್ಲರ ಸಹಿ ಬೇಕಾಗುತ್ತದೆ. ಹೊಸ ಪಹಣಿ ಬಂದಾಗ 9ನೇ ಕಾಲಂನಲ್ಲಿ ಹೆಸರಿನ ಕಾಗುಣಿತ ಆಧಾರ್‌ನಲ್ಲಿದ್ದಂತೆಯೇ ಇದೆಯೇ, 11ನೇ ಕಾಲಂನಲ್ಲಿ ಅಣ್ಣನ ಹಳೆ ಸಾಲ ಉಳಿದಿದೆಯೇ ನೋಡಿ. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅವಳ ಹೆಸರಿನಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ, ಈ ಸರ್ವೆ ನಂಬರನ್ನು ಅದಕ್ಕೆ ಜೋಡಿಸಬೇಕು. ಬಿತ್ತನೆ ಬೀಜದ ಸಬ್ಸಿಡಿ, ಬೆಳೆ ಸಾಲ, ಬೆಳೆ ಹಾನಿ ಪರಿಹಾರ ಎಲ್ಲಕ್ಕೂ ಕೇಳುವುದು ಆ ನಂಬರನ್ನೇ. ಜಮೀನನ್ನು ತಮ್ಮನೇ ಉಳುತ್ತಿರಲಿ, ಬೇರೆಯವರಿಗೆ ಕೊಟ್ಟಿರಲಿ, ಎಫ್‌ಐಡಿ ಅವಳದ್ದಾದರೆ ಮುಂದಿನ ಮಳೆ ಕೈಕೊಟ್ಟಾಗ ಪರಿಹಾರ ಜಮೆಯಾಗುವುದು ಅವಳ ಖಾತೆಗೆ.